ಬಿಂದಿಗಿಂತ ಮೇಲೆ ನೀರು

ಅಕ್ಟೋಬರ್ 1, ಬುಧವಾರ. ಅಜ್ಜಂಪುರ

ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನ್ನ ಮೊದಲ ಆಯುಧಪೂಜೆ. ಬೆಳಿಗ್ಗೆಯಿಂದ ಕುಡುಗೋಲು, ಗುದ್ದಲಿ, ಈಳಿಗೆಮಣೆ, ನನ್ನ ಗಂಡನ ಬೈಕು, ಎಲ್ಲಕ್ಕೂ ಸ್ನಾನವಾಯಿತು. ನನ್ನ ಕಂಪ್ಯೂಟರಿನ ಸರದಿ ಬಂದಾಗ ಅತ್ತೆಯವರು ಒದ್ದೆ ಬಟ್ಟೆ ಹಿಡಿದು ಕೋಣೆಯ ಬಾಗಿಲಿಗೆ ಬಂದರು. ನಾನು ಅಡ್ಡ ನಿಂತು, "ಇದಕ್ಕೆ ನೀರು ತಾಗಬಾರದು ಅತ್ತೆ" ಅಂದೆ. ಅವರು ನನ್ನ ಭುಜದ ಮೇಲಿಂದ ಇಣುಕಿ, ಗಾಜಿನ ಟ್ಯಾಂಕಿನಲ್ಲಿ ಸುತ್ತುತ್ತಿದ್ದ ನೀಲಿ ನೀರು ನೋಡಿ, "ಹೊಟ್ಟೆ ತುಂಬ ನೀರೇ ಐತಲ್ಲೇ" ಅಂದರು.

ಆಮೇಲೆ ಸಮಾಧಾನವಾಗಿ ವಿವರಿಸಿದೆ. ಮದುವೆ ವಿಡಿಯೋ ಎಡಿಟ್ ಮಾಡುವಾಗ ಯಂತ್ರ ಕಾದು ಕೆಂಡವಾಗುತ್ತದೆ, ಬರೀ ಫ್ಯಾನು ಸಾಲದು. ಪಂಪು ನೀರನ್ನು ಕೊಳವೆಗಳಲ್ಲಿ ಸುತ್ತಿಸುತ್ತದೆ. ನೀರು ಆ ಬಿಸಿಯನ್ನು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಬಿಟ್ಟು ತಣ್ಣಗಾಗಿ ಬರುತ್ತದೆ. ಕಡೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ವಿಜಯ್ ತನ್ನ ಆಟಕ್ಕೆಂದು ಜೋಡಿಸಿಕೊಂಡಿದ್ದ, ಬೇಜಾರಾದ ಮೇಲೆ ನನಗೆ ದಾಟಿಸಿದ. ತವರಿನಿಂದ ನನ್ನ ಜೊತೆ ಬಂದದ್ದು ಎರಡು ಸೂಟ್‌ಕೇಸು ಮತ್ತು ಇದು.

ನೀರು ಎಲ್ಲಿಂದ ತುಂಬುತ್ತೀಯ ಎಂದು ಕೇಳಿದರು. ಮುಚ್ಚಳ ತಿರುಗಿಸಿ ತೋರಿಸಿದೆ. ಅತ್ತೆಯವರಿಗೆ ಖುಷಿಯಾಯಿತು. ಟ್ಯಾಂಕಿನ ಕೆಳಗಿರುವ ಕಪ್ಪು ಪಂಪಿನ ಮೈಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಮೇಲೊಂದು ಸೇವಂತಿಗೆ ಇಟ್ಟು, "ಇದು ಕಲಶ ಇದ್ದಂಗೆ ಕಣೇ. ತುಂಬಿರ್ಬೇಕು" ಅಂದರು. ಕಲಶ ಅಂದುಕೊಳ್ಳಲಿ, ನನಗೇನು ನಷ್ಟ.

ಅವರನ್ನು ಸ್ವಲ್ಪ ಒಲಿಸಿಕೊಳ್ಳುವುದೂ ಬೇಕು. ಇದು ಮೊದಲು ತೆಂಗಿನಕಾಯಿ ಕೂಡಿಡುತ್ತಿದ್ದ ಕೋಣೆ. ನಾನು ಬಂದಾಗ ಖಾಲಿ ಇತ್ತು, ಕೊಟ್ಟರು. "ದೀಪಾವಳಿವರ್ಗೂ ಇರ್ಲಿ. ಆಮೇಲೆ ಕಾಯಿ ಬತ್ತವೆ, ನೋಡಾಣ" ಎಂದಿದ್ದಾರೆ. ಹಿರಿಯರ "ನೋಡಾಣ"ಕ್ಕೆ ಅರ್ಥ ಏನೆಂದು ನನಗೆ ಗೊತ್ತು. ಲಕ್ಕವಳ್ಳಿಯ ತೀರ್ಥಮ್ಮನವರ ಮಗಳು ಧನ್ಯಶ್ರೀಯ ಮದುವೆ ವಿಡಿಯೋ ಒಂದು ಚೆನ್ನಾಗಿ ಬಂದುಬಿಟ್ಟರೆ ನನ್ನ ಬಳಿಯೂ ಒಂದು ಮಾತಿರುತ್ತದೆ. ಹೊಸ ಅಳಿಯ ಮೊದಲ ದೀಪಾವಳಿಗೆ ಬರುತ್ತಾನೆ, ಬಲಿಪಾಡ್ಯಮಿಯ ದಿನ ನೆಂಟರೆಲ್ಲ ಕೂತು ನೋಡಬೇಕಂತೆ. ಅದು ಹಿಡಿಸಿದರೆ ಅವರ ಬಳಗದ ಮುಂದಿನ ಮದುವೆಗಳೆಲ್ಲ ನನಗೇ ಎಂದು ಮಾತು ಕೊಟ್ಟಿದ್ದಾರೆ. ಇಲ್ಲವಾದರೆ ಈ ಕೋಣೆಯಲ್ಲಿ ಕಾಯಿ, ನಾನು ಅಡುಗೆಮನೆಯಲ್ಲಿ.

ಅಕ್ಟೋಬರ್ 5, ಭಾನುವಾರ

ಕಂಪ್ಯೂಟರ್ ಪೆಟ್ಟಿಗೆಯ ತಳದಲ್ಲಿ ನೀರು. ಜಾಸ್ತಿ ಇಲ್ಲ, ಒಂದು ಚಮಚದಷ್ಟು. ಬೆರಳಿಗೆ ತಣ್ಣಗೆ ತಾಗಿತು. ಪ್ಲಗ್ ಕಿತ್ತು ವಿಜಯ್‌ಗೆ ಫೋನ್ ಮಾಡಿದೆ.

"ಟ್ಯಾಂಕಲ್ಲಿ ನೀರು ಕಮ್ಮಿ ಆಗಿದ್ಯಾ ಅಕ್ಕ?"

"ಇಲ್ಲ ಕಣೋ. ಕತ್ತಿನ ತನಕ ಇದೆ."

"ಹಂಗಾದ್ರೆ ಅದು ಲೀಕ್ ಅಲ್ವೇ ಅಲ್ಲ. ನಿಮ್ಮನೆ ಸೋರ್ತಿರ್ಬೇಕು, ನೋಡು."

"ನಮ್ಮನೆ ಅಲ್ಲ, ಇವರ ಮನೆ" ಅಂದೆ. ಹೊಟ್ಟೆಯುರಿಗೆ ಇನ್ನೂ ನಾಲ್ಕು ಮಾತು ಸೇರಿಸಿದೆ. "ಇದೇನಾದ್ರೂ ಕೈಕೊಟ್ರೆ ಗಂಟುಮೂಟೆ ಕಟ್ಕೊಂಡು ಕಡೂರಿಗೆ ಬಂದ್ಬಿಡ್ತೀನಿ, ಹೇಳಿರ್ತೀನಿ ನೋಡು" ಅಂದೆ. ಅವನು ನಕ್ಕ. ಹೊರಗೆ ಅತ್ತೆಯವರು ಅಕ್ಕಿ ಆರಿಸುತ್ತಿದ್ದರು, ಮೊರದ ಸದ್ದು ಒಂದು ಗಳಿಗೆ ನಿಂತ ಹಾಗಿತ್ತು. ಕಲ್ಲು ಸಿಕ್ಕಿರಬೇಕು.

ಅಕ್ಟೋಬರ್ 6, ಸೋಮವಾರ

ನನ್ನ ಗಂಡ ರುದ್ರಮೂರ್ತಿಯವರಿಗೆ ಶಿವನಿ ಸ್ಟೇಷನ್ನಿನಲ್ಲಿ ಕೆಲಸ. ಡ್ಯೂಟಿ ಮುಗಿಸಿ ಬಂದವರನ್ನು ಕಾಫಿ ಕುಡಿಯುವ ಮುಂಚೆಯೇ ಹೆಂಚಿನ ಮೇಲೆ ಹತ್ತಿಸಿದೆ. ಒಂದು ತಾಸು ಹುಡುಕಿದರು. ಚಿಕ್ಕಂದಿನಲ್ಲಿ ಕಳೆದುಕೊಂಡಿದ್ದ ರಬ್ಬರ್ ಚೆಂಡು ಸಿಕ್ಕಿತು, ತೂತು ಸಿಗಲಿಲ್ಲ. ಊಟಕ್ಕೆ ಕೂತಾಗಲೂ ಚೆಂಡು ಪಕ್ಕದಲ್ಲೇ ಇತ್ತು.

ಅಕ್ಟೋಬರ್ 8, ಬುಧವಾರ

ಇವತ್ತೂ ಒಂದು ಚಮಚ. ಒರೆಸುವುದು, ಒಣಗಿಸುವುದು, ಹೆದರುತ್ತಾ ಸ್ವಲ್ಪ ಎಡಿಟ್ ಮಾಡುವುದು, ಮತ್ತೆ ಆರಿಸುವುದು. ಧನ್ಯಶ್ರೀಯ ಮದುವೆ ಧಾರೆಯ ತನಕ ಬಂದು ಅಲ್ಲೇ ನಿಂತಿದೆ. ತೀರ್ಥಮ್ಮನವರು ಫೋನ್ ಮಾಡಿ, "ಎಲ್ಲೀವರ್ಗೂ ಬಂತವ್ವಾ?" ಎಂದರು. ಧಾರೆಗೆ ಬಂತು ಅಂದೆ. "ಇನ್ನೂ ಧಾರೇನಾ? ಅಷ್ಟೊತ್ತಿಗೆ ನಾವು ಊಟಕ್ಕೇ ಹಾಕಿದ್ವಿ" ಅಂದರು.

ಬೆಕ್ಕಿನ ಮೇಲೆ ಅನುಮಾನಪಟ್ಟೆ. ಬೆಕ್ಕು ಮೂರು ದಿನದಿಂದ ಎದುರುಮನೆಯಲ್ಲಿದೆಯಂತೆ. ಅತ್ತೆಯವರ ಪೂಜೆಯ ನೀರಿನ ಮೇಲೂ ಅನುಮಾನಪಟ್ಟೆ. ಅವರು ದಿನಾ ಬೆಳಿಗ್ಗೆ ತಮ್ಮ ಲಿಂಗಪೂಜೆ ಮುಗಿಸಿ, ನಾನು ಏಳುವ ಮುಂಚೆ ಬಂದು ಪಂಪಿಗೆ ವಿಭೂತಿ ಹಚ್ಚಿಹೋಗುತ್ತಾರೆ. ಆ ವಿಭೂತಿಯೂ ಅಷ್ಟಕ್ಕಷ್ಟೆ. ಸಂಜೆಯ ಹೊತ್ತಿಗೆ ಮೂರು ಪಟ್ಟೆಯ ಬಲತುದಿ ಅಳಿಸಿಹೋಗಿರುತ್ತದೆ. ನೀರಿನ ಬಣ್ಣವೂ ಮಂಕಾಗಿದೆ, ಶಾಯಿಯಂತಿದ್ದ ನೀಲಿ ಈಗ ಬಟ್ಟೆಗೆ ಹಾಕುವ ನೀಲಿಯ ಹಾಗೆ ತೆಳುವಾಗಿದೆ. ಕಿಟಕಿಯ ಬಿಸಿಲಿಗಿರಬೇಕು. ಪರದೆ ಕಟ್ಟಿದೆ.

ಅಕ್ಟೋಬರ್ 9, ಗುರುವಾರ

ಬುದ್ಧಿ ಬಂತು. ನೀರು ಎಷ್ಟಿದೆಯೋ ಅಲ್ಲಿಗೆ ಸರಿಯಾಗಿ ಟ್ಯಾಂಕಿನ ಹೊರಮೈಗೆ ನನ್ನ ಹಣೆಯ ಕೆಂಪು ಬಿಂದಿ ತೆಗೆದು ಅಂಟಿಸಿದೆ. ಲೀಕ್ ಇದ್ದರೆ ನಾಳೆ ನೀರು ಬಿಂದಿಗಿಂತ ಕೆಳಗೆ ಇರುತ್ತದೆ, ಇಲ್ಲದಿದ್ದರೆ ಅಲ್ಲೇ ಇರುತ್ತದೆ. ಮೂರನೆಯ ದಾರಿ ಇಲ್ಲ.

ಅಕ್ಟೋಬರ್ 10, ಶುಕ್ರವಾರ

ನೀರು ಬಿಂದಿಗಿಂತ ಮೇಲಿತ್ತು.

ವಿಜಯ್‌ಗೆ ಹೇಳಿದರೆ, "ಅಕ್ಕಾ, ನಿಂಗೆ ನಿದ್ದೆ ಸರಿಯಾಗಿ ಆಗ್ತಿದ್ಯಾ?" ಅಂದ. ಫೋನ್ ಇಟ್ಟು ತಿರುಗಿದರೆ ಬಾಗಿಲ ಹಿಂದೆ, ಪೂಜೆಯ ಹೂಬುಟ್ಟಿಯ ಪಕ್ಕದಲ್ಲಿ, ಒಂದು ಸಣ್ಣ ಹಿತ್ತಾಳೆ ಚೊಂಬು. ತಳದಲ್ಲಿ ಒಂದಿಷ್ಟು ನೀರು.

"ಅತ್ತೆ, ಇದಕ್ಕೆ ನೀರು ಹಾಕಿದ್ರಾ?"

"ಹೂಂ. ದಿನಾ ಹಾಕ್ತೀನಿ" ಅಂದರು ಅಡುಗೆಮನೆಯಿಂದ, ಹಾಲು ಕಾಯಿಸಿದೆ ಅನ್ನುವಷ್ಟು ಸಲೀಸಾಗಿ. "ಕ್ಯಾನ್ ನೀರೇ ಕಣೇ, ಕುಡಿಯಾದು. ಬೋರ್ ನೀರು ಹಾಕಿಲ್ಲ."

ಯಾವ ನೀರಾದರೇನು. ಟ್ಯಾಂಕಿನಲ್ಲಿರುವುದು ಬೇರೆ ದ್ರಾವಣ, ಅದಕ್ಕೆ ಅದರದೇ ಲೆಕ್ಕ ಇರುತ್ತದೆ. ಇಷ್ಟು ದಿನ ಸೋರಿದ್ದನ್ನೆಲ್ಲ ಇವರು ತುಂಬಿಸಿ ತುಂಬಿಸಿ ಮುಚ್ಚಿಟ್ಟಿದ್ದಾರೆ, ನಾನು ಬೆಕ್ಕಿನ ಹಿಂದೆ ಬಿದ್ದಿದ್ದೇನೆ. ಸಿಟ್ಟು ನೆತ್ತಿಗೇರಿತು. "ನಿಮಗೆ ಯಾರು ಹೇಳಿದ್ದು? ಇದಕ್ಕೆ ನೀರು ತಾಗಬಾರದು ಅಂದಿರಲಿಲ್ವಾ? ಇದೇನು ಕುಡಿಯುವ ನೀರಿನ ಗುಡಾಣವಾ?" ಎಂದು ಎದುರುಮನೆಗೂ ಕೇಳುವಂತೆ ಅಂದುಬಿಟ್ಟೆ.

ಅವರು ಅಡುಗೆಮನೆಯಿಂದ ಬಂದು ಚೊಂಬು ತೆಗೆದುಕೊಂಡು ಹೋದರು.

ಅಕ್ಟೋಬರ್ 11, ಶನಿವಾರ

ಮಾತಿಲ್ಲ. ರೊಟ್ಟಿ ಮಾತ್ರ ಬಿಸಿಬಿಸಿ ಬಂತು, ಜೊತೆಗೆ ನನಗಿಷ್ಟವೆಂದು ಹುಚ್ಚೆಳ್ಳು ಚಟ್ನಿ. ಇದು ಇನ್ನೂ ಕಷ್ಟ.

ಯಂತ್ರ ಆರಿಸಿಯೇ ಇದೆ. ಪಂಪಿಗೆ ಇವತ್ತು ವಿಭೂತಿಯಿಲ್ಲ. ಬೋಳುಬೋಳಾಗಿ ಕಾಣುತ್ತದೆ.

ಅಕ್ಟೋಬರ್ 12, ಭಾನುವಾರ

ಬೆಳಿಗ್ಗೆ ಅತ್ತೆಯವರು ಬಾಗಿಲಲ್ಲಿ ನಿಂತು, "ಒಳೀಕ್ ಬರ್ಲೇನೇ?" ಅಂದರು. ಅವರದೇ ಮನೆಯ ಕೋಣೆಗೆ ಅವರೇ ಕೇಳಿ ಬರಬೇಕಾಯಿತು. ನಾಚಿಕೆಯಾಯಿತು. ಕುರ್ಚಿ ಸರಿಸಿದೆ. ಅವರು ನೆಲದ ಮೇಲೇ ಕೂತರು.

"ಮೊದ್ಲು ಕಲಶ ಇಳೀಬಾರ್ದು ಅಂತ ತುಂಬ್ಸಿದೆ" ಅಂದರು. "ಆಮೇಲೆ ನೀನು ಫೋನಲ್ಲಿ ಅಂದಲ್ಲ, ಇದು ಕೈಕೊಟ್ರೆ ಕಡೂರಿಗೆ ಹೋಗ್ಬಿಡ್ತೀನಿ ಅಂತ. ಆವತ್ತಿಂದ ಹೆದ್ರಿಕೇಗ್ ತುಂಬ್ಸಿದೆ."

"ತಮಾಷೆಗೆ ಅಂದಿದ್ದು ಅತ್ತೆ" ಅಂದೆ. ತಮಾಷೆಗೆ ಅಂದಿರಲಿಲ್ಲ, ಆದರೆ ಹಾಗೆ ಹೇಳುವಾಗ ಸುಳ್ಳೆನಿಸಲೂ ಇಲ್ಲ.

"ತಮಾಷೆನೋ ಏನೋ. ನಂಗೆ ಎದೆ ಧಸಕ್ಕಂತು."

ಪಂಪಿನ ಕಡೆ ನೋಡಿ, ಮಾತಿಗಿರಲಿ ಎಂದು ನಾನೇ, "ನಿಮ್ಮ ವಿಭೂತಿ ಒಳ್ಳೇದಲ್ಲ ಬಿಡಿ, ಸಂಜೆಗೆಲ್ಲ ಬಲಗಡೆ ಅಳಿಸಿರುತ್ತೆ" ಅಂದೆ.

"ಮಠದ್ದು ಕಣೇ ಅದು. ನನ್ ಹಣೇಲಿ ಮಾರ್ನೇ ದಿನದವರ್ಗೂ ಇರುತ್ತೆ. ನಾನೂ ನೋಡ್ದೆ. ಅದು ದಿನಾ ಆ ತುದೀಲಿ ಮಾತ್ರ ಅಳ್ಸಾದು. ಬ್ಯಾರೆ ಕಡೆ ಒಂದ್ ಚೂರೂ ಇಲ್ಲ."

"ದಿನಾ ಅದೇ ಜಾಗಾನಾ?"

"ಅದೇ ಜಾಗ."

ಇಬ್ಬರ ಕಣ್ಣೂ ಒಟ್ಟಿಗೇ ಮೇಲಕ್ಕೆ ಹೋಯಿತು. ಆ ತುದಿಯ ನೇರಕ್ಕೆ ಮೇಲೆ, ಟ್ಯಾಂಕಿಗೆ ಕೊಳವೆ ಕೂರುವ ಫಿಟ್ಟಿಂಗ್.

ಅತ್ತೆ ವಿಭೂತಿಗಟ್ಟಿಯನ್ನು ಅಂಗೈಯಲ್ಲಿ ಹಾಕಿ ಹೆಬ್ಬೆರಳಲ್ಲಿ ಪುಡಿ ಮಾಡಿಕೊಟ್ಟರು. ನಾನು ನನ್ನ ಮೇಕಪ್ ಬ್ರಷ್ಷಿನಿಂದ ಅದನ್ನು ಕೊಳವೆಗಳ ಒಂದೊಂದು ಕೀಲಿಗೂ ಒಣಒಣವಾಗಿ ಉದುರಿಸಿದೆ. ಮಿಕ್ಕ ವೈರುಗಳನ್ನೆಲ್ಲ ಕಿತ್ತು ಪಂಪಿಗೆ ಮಾತ್ರ ಕರೆಂಟು ಕೊಟ್ಟೆ. ಅತ್ತೆ ಕಾಫಿ ತಂದರು. ಕುಡಿದು ಮುಗಿಯುವಷ್ಟರಲ್ಲಿ ಎಲ್ಲ ಕೀಲುಗಳೂ ಬೆಳ್ಳಗೆ ಇದ್ದವು, ಅದೊಂದು ಮಾತ್ರ ಒದ್ದೆಯಾಗಿ ಬೂದುಬಣ್ಣಕ್ಕೆ ತಿರುಗಿತು. ಅಲ್ಲಿಂದ ಕೂದಲೆಳೆಯಂಥ ಒಂದು ದಾರಿ ಕೆಳಗಿಳಿದು ಪಂಪಿನ ಬಲಗಡೆಯಿಂದ ತಳಕ್ಕೆ. ಆ ದಾರಿಯಲ್ಲಿ ಕರೆಂಟಿನ ಸಾಮಾನು ಒಂದೂ ಇರಲಿಲ್ಲ, ಅದಕ್ಕೇ ಇಷ್ಟು ದಿನ ಬದುಕಿಕೊಂಡಿದ್ದೆ. ನಾನು ಅತ್ತೆಯ ಕೈ ಹಿಡಿದು ಕುಣಿಯುವುದೊಂದು ಬಾಕಿ.

ನೀರೆಲ್ಲ ಇಳಿಸಿ ಫಿಟ್ಟಿಂಗ್ ಬಿಚ್ಚಿದೆ. ಒಳಗಿನ ರಬ್ಬರ್ ರಿಂಗು ಒಂದು ಕಡೆ ಚಪ್ಪಟೆಯಾಗಿ ಸೀಳಿತ್ತು. ಕಡೂರಿನಿಂದ ಗೂಡ್ಸ್ ಆಟೋದಲ್ಲಿ ಬಂದಾಗಿನ ಕುಲುಕಾಟವಿರಬೇಕು. ಯಾರ ತಪ್ಪೂ ಅಲ್ಲ ಎಂದು ತಿಳಿದಾಗ ಇಬ್ಬರಿಗೂ ಒಂಚೂರು ನಿರಾಸೆಯೇ ಆಯಿತು.

ಅಕ್ಟೋಬರ್ 13, ಸೋಮವಾರ

ತರೀಕೆರೆಗೆ ಹೋಗಿಬರುತ್ತೇನೆ ಎಂದು ಹೊರಟರೆ ಅತ್ತೆ ಸೀರೆ ಬದಲಾಯಿಸಿ ಜಗಲಿಯಲ್ಲಿ ರೆಡಿ. "ನಂಗೂ ಕೆಲ್ಸ ಐತೆ" ಅಂದರು. ಏನು ಕೆಲಸವೆಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಕಂಪ್ಯೂಟರ್ ಅಂಗಡಿಯ ಹಾಲೇಶ ರಿಂಗನ್ನು ಬೆಳಕಿಗೆ ಹಿಡಿದು, "ಇದನ್ನ ಆನ್‌ಲೈನಲ್ಲೇ ತರಿಸ್ಬೇಕು ಮೇಡಂ. ಬರೋಷ್ಟರಲ್ಲಿ ಹಬ್ಬ ಕಳೆದಿರುತ್ತೆ" ಅಂದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಎದುರಿನ ಅಂಗಡಿಯಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಪಂಪುಗಳನ್ನು ಸಾಲಾಗಿ ತೂಗುಹಾಕಿದ್ದರು. ಅವನ್ನೇ ನೋಡುತ್ತಾ ಕೂತವಳಿಗೆ, ಅದೂ ಪಂಪೇ ಅಲ್ಲವೇ, ಅದರಲ್ಲೂ ರಿಂಗು ಇರಲೇಬೇಕಲ್ಲ ಅನಿಸಿತು.

ಅಂಗಡಿಯ ಧರ್ಮೇಶ್ ರಿಂಗುಗಳ ಡಬ್ಬಿ ಮುಂದಿಟ್ಟುಕೊಂಡು, "ಯಾವ್ ಕಂಪ್ನಿ ಪಂಪು?" ಅಂದ.

"ಕಂಪ್ಯೂಟ್ರು" ಅಂದರು ಅತ್ತೆ.

"ಏನಮ್ಮಾ, ಕಂಪ್ಯೂಟ್ರಲ್ಲಿ ಔಷ್ದಿ ಹೊಡೀತೀರಾ?"

"ಔಷ್ದಿ ಯಾಕಪ್ಪ ಹೊಡೀತಾಳೆ? ನಮ್ ಸೊಸೆ ಅದ್ರಲ್ಲಿ ಮದ್ವೆ ಮಾಡ್ತಾಳೆ."

ಅವನಿಗೆ ಏನು ಅರ್ಥವಾಯಿತೋ, ಡಬ್ಬಿಯನ್ನೇ ನನ್ನ ಕಡೆ ತಳ್ಳಿದ. ಜೊತೆಯಲ್ಲಿ ತಂದಿದ್ದ ಫಿಟ್ಟಿಂಗಿಗೆ ಒಂದೊಂದನ್ನೇ ಹಾಕಿ ನೋಡಿದೆ. ಕೆಲವು ಸಡಿಲ, ಕೆಲವು ಬಿಗಿ. ಕೊನೆಗೊಂದು ತವರಿಗೆ ಬಂದಂತೆ ಹೋಗಿ ಕೂತಿತು. ಅಂಥವೇ ಒಂದು ಹಿಡಿ ತೆಗೆದುಕೊಂಡೆ.

ವಾಪಸ್ಸು ಬಸ್ಸಿನಲ್ಲಿ ಕಡಲೆಕಾಯಿ ತಿಂದು ಮುಗಿಸಿ ಅತ್ತೆ ನನ್ನ ಹೆಗಲ ಮೇಲೆ ನಿದ್ದೆಹೋದರು. ಅಜ್ಜಂಪುರ ಬಂದಾಗ ಕಂಡಕ್ಟರು, "ಅಮ್ಮನ್ನ ಎಬ್ಬಿಸಮ್ಮ" ಅಂದ. ಅಮ್ಮ ಅಲ್ಲ ಅತ್ತೆ ಎಂದು ತಿದ್ದಲು ಹೋಗಲಿಲ್ಲ, ಸ್ಟಾಪ್ ಬಂದುಬಿಟ್ಟಿತ್ತು.

ಅಕ್ಟೋಬರ್ 14, ಮಂಗಳವಾರ

ನನ್ನ ಗಂಡ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನು ತಂದರು. ಒಳಗೆ ಉಳಿದಿದ್ದ ಕುಡಿಯುವ ನೀರಿನ ಅಂಶವೆಲ್ಲ ಹೋಗಲೆಂದು ಎರಡು ಸಲ ತುಂಬಿ ಖಾಲಿ ಮಾಡಿದೆ. ಆಮೇಲೆ ಹೊಸ ರಿಂಗು ಹಾಕಿ, ಕೈಯಲ್ಲೇ ಬಿಗಿಮಾಡಿ, ವಿಜಯ್ ಹಿಂದೆ ಕೊಟ್ಟಿದ್ದ ಬಾಟಲಿಯಲ್ಲಿ ಉಳಿದಿದ್ದ ನೀಲಿ ದ್ರಾವಣವನ್ನೂ ಬ್ಯಾಟರಿ ನೀರನ್ನೂ ಬೆರೆಸಿ ತುಂಬಿದೆ.

ಪಂಪು ಹಾಕಿದರೆ ಗುಳುಗುಳು ಸದ್ದು. ಕೊಳವೆಗಳಲ್ಲಿ ಗಾಳಿ ಸಿಕ್ಕಿಕೊಂಡಿದೆ, ಪೆಟ್ಟಿಗೆಯನ್ನು ಆ ಕಡೆ ಈ ಕಡೆ ಓಲಿಸಿ ಹೊರಡಿಸಬೇಕು ಎಂದ ವಿಜಯ್. ಒಬ್ಬಳಿಂದ ಆಗುವ ಭಾರವಲ್ಲ. ಒಂದು ಕಡೆ ನಾನು, ಇನ್ನೊಂದು ಕಡೆ ಅತ್ತೆ ಹಿಡಿದು ತೊಟ್ಟಿಲು ತೂಗಿದಂತೆ ತೂಗಿದೆವು. ಅತ್ತೆ ತೆಂಗಿನಕಾಯಿ ಅಲುಗಿಸಿ ಕೇಳುವ ಅಭ್ಯಾಸದಲ್ಲಿ ಪೆಟ್ಟಿಗೆಗೆ ಕಿವಿ ಹಚ್ಚಿ, "ಇನ್ನೂ ಐತೆ, ಇನ್ನೂ ಐತೆ" ಎನ್ನುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಅವರಿಗೂ ಅಂಟಿಕೊಂಡಿತು, ಪೆಟ್ಟಿಗೆ ಕೈಜಾರುವುದೊಂದು ಉಳಿಯಿತು. ಬಾಗಿಲಲ್ಲಿ ನಿಂತಿದ್ದ ಇವರು, "ಮಗುಗೆ ಏನು ಹೆಸರಿಟ್ರಿ?" ಅಂದರು.

ಮದುವೆಮನೆಯಿಂದ ತಂದಿದ್ದ ಟಿಶ್ಯೂ ಪೇಪರನ್ನು ಪ್ರತಿ ಕೀಲಿನ ಕೆಳಗೂ ಇಟ್ಟೆ. ನಾಳೆಯ ತನಕ ಪಂಪು ಮಾತ್ರ ಓಡಬೇಕು, ಪೇಪರ್ ಒಣಗಿರಬೇಕು.

ಅಕ್ಟೋಬರ್ 15, ಬುಧವಾರ

ಕಾವಲಿಗೆ ಅತ್ತೆ. ಅವರೆಕಾಯಿ ಬುಟ್ಟಿಯನ್ನೂ ಕೋಣೆಗೇ ತಂದು, ಬಿಡಿಸುತ್ತಾ, ನಡುನಡುವೆ ಬಗ್ಗಿ ನೋಡುತ್ತಾ ಕೂತಿದ್ದರು. ಮಗ ಹತ್ತಿರ ಬಂದರೆ, "ದೂರ ಹೋಗೋ, ಉಸ್ರು ತಾಕಿ ಒದ್ದೆಯಾದೀತು" ಎಂದು ಅಟ್ಟಿದರು.

ಸಂಜೆ ಒಂದೊಂದೇ ಪೇಪರ್ ತೆಗೆದು ಕೆನ್ನೆಗೆ ಒತ್ತಿ ನೋಡಿದೆ. ಅತ್ತೆಯೂ ತಮ್ಮ ಕೆನ್ನೆಗೆ ಒತ್ತಿಕೊಂಡರು. ಎಲ್ಲ ಒಣಗಿದ್ದವು. ಮನೆಯಲ್ಲಿ ಪಾಯಸ ಆಯಿತು. ವಿಭೂತಿ ಇನ್ನು ಮೇಲೆ ಹೊರಗಿನ ಗಾಜಿಗೆ ಮಾತ್ರ ಎಂದು ಒಪ್ಪಂದವೂ ಆಯಿತು.

ಅಕ್ಟೋಬರ್ 18, ಶನಿವಾರ

ಮುಗಿಯಿತು. ಯಂತ್ರ ಎಲ್ಲ ಕೆಲಸವನ್ನೂ ತಣ್ಣಗೆ ಮಾಡಿತು. ಎರಡು ದಿನ ಬರೆಯಲು ಪುರುಸೊತ್ತಿರಲಿಲ್ಲ.

ಅತ್ತೆ ಪೂರ್ತಿ ನೋಡಿದರು. "ಹೆಣ್ಣಿನ ತಾಯಿ ಅಳಾದು ಒಸಿ ಕಮ್ಮಿ ಮಾಡು. ಹೊಸಾ ಅಳಿಯ ಪಕ್ಕದಲ್ಲಿ ಕೂತಿರ್ತಾನೆ, ಅವ್ನಿಗೆ ಬ್ಯಾಸರ ಆಗಲ್ವೇ" ಅಂದರು. ಹೌದಲ್ಲ ಅನಿಸಿತು. ಅರ್ಧ ಅಳು ತೆಗೆದು, ಆ ಜಾಗಕ್ಕೆ ತೀರ್ಥಮ್ಮನವರು ಬೀಗರಿಗೆ ಹೋಳಿಗೆ ಬಡಿಸುತ್ತಾ ನಗುವುದನ್ನು ಹಾಕಿದೆ. ಇವರು ಪೆನ್‌ಡ್ರೈವ್ ಹಿಡಿದು ಬೈಕಿನಲ್ಲಿ ಲಕ್ಕವಳ್ಳಿಗೆ ಹೊರಟರು.

ಅಕ್ಟೋಬರ್ 19, ಭಾನುವಾರ

ನೀರು ತುಂಬುವ ಹಬ್ಬ. ಅತ್ತೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ನಮ್ಮನೆಯಲ್ಲಿರುವ ಕೊಡ, ಬಿಂದಿಗೆ, ಚೊಂಬು ಎಲ್ಲವನ್ನೂ ತುಂಬಿದರು. ಮಧ್ಯಾಹ್ನದ ಬಸ್ಸಿಗೆ ಇವರೂ ನಾನೂ ಕಡೂರಿಗೆ, ಮದುವೆಯಾದ ಮೇಲಿನ ಮೊದಲ ದೀಪಾವಳಿ ತವರಿನಲ್ಲಿ. ಇಲ್ಲಿಗೆ ನಾದಿನಿಯೂ ಮಕ್ಕಳೂ ಬರುತ್ತಾರೆ.

ಬ್ಯಾಗು ತುಂಬಿ ಕೋಣೆಗೆ ಬಂದು ನೋಡಿದರೆ ನೀರು ಬಿಂದಿಗಿಂತ ಒಂದು ಗೆರೆ ಕೆಳಗೆ. ಪೇಪರ್ ಒಣಗೇ ಇತ್ತು. ಉಳಿದಿದ್ದ ಗಾಳಿ ಹೊರಟಿದೆ, ಹಾಗಾಗುವುದು ಸಹಜ, ಸ್ವಲ್ಪ ತುಂಬಬೇಕು. ಬಾಟಲಿ ಎತ್ತಿಕೊಂಡವಳು ಹಾಗೇ ನಿಂತೆ.

"ಅತ್ತೆ, ಸ್ವಲ್ಪ ಬನ್ನಿ. ಇದೊಂದು ಬಾಕಿ ಇದೆ."

ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. ಬಾಟಲಿ ಕೊಟ್ಟು ಮುಚ್ಚಳ ತಿರುಗಿಸಿದೆ. ನನ್ನ ಮುಖವನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿ, ಉಸಿರು ಬಿಗಿಹಿಡಿದು ಹನಿಹನಿಯಾಗಿ ಹಾಕಿದರು. ನೀರು ಬಿಂದಿಗೆ ಬಂದು ನಿಂತಿತು.

"ಸಾಕೇನೇ?"

"ಸಾಕು ಅತ್ತೆ. ಸರಿಯಾಗಿದೆ."

ಅಕ್ಟೋಬರ್ 22, ಬುಧವಾರ. ಕಡೂರು

ಬಲಿಪಾಡ್ಯಮಿ. ಸಂಜೆ ತೀರ್ಥಮ್ಮನವರ ಫೋನು. ಎಲ್ಲರೂ ಎರಡೆರಡು ಸಲ ನೋಡಿದರಂತೆ, ಅಳಿಯ ಮೂರು ಸಲ. ತಮ್ಮ ಓರಗಿತ್ತಿ ಮಾತ್ರ ಎಲ್ಲ ಕಡೆ ಬೆನ್ನೇ ಕಾಣುತ್ತೆ ಎಂದು ಮುನಿಸಿಕೊಂಡಿದ್ದಾಳಂತೆ. "ಅವ್ಳ ಮಗನ ಮದ್ವೆನೂ ನೀನೇ ಮಾಡ್ಕೊಡವ್ವಾ, ಅದ್ರಲ್ಲಿ ಮುಖ ತೋರ್ಸು" 
ಅಂದರು. ಆಗಲಿ ಅಂದೆ. ಅದರ ಹಿಂದೆ ಇನ್ನೂ ಇವೆಯಂತೆ.

ಸುದ್ದಿ ಹೇಳೋಣವೆಂದು ಅಜ್ಜಂಪುರಕ್ಕೆ ಫೋನ್ ಮಾಡಿದೆ. ಅತ್ತೆ ಹಲೋ ಕೂಡ ಅನ್ನಲಿಲ್ಲ. "ಪೇಪರ್ ಒಣಗೈತೆ" ಅಂದರು. ದಿನಾ ಬೆಳಿಗ್ಗೆ ಸಂಜೆ ಕೆನ್ನೆಗೆ ಒತ್ತಿ ನೋಡುತ್ತಿದ್ದಾರಂತೆ. ಆಮೇಲೆ, "ಕಾಯಿ ಬಂದ್ವು ಕಣೇ ಇವತ್ತು" ಅಂದರು.

ಓರಗಿತ್ತಿಯ ಸುದ್ದಿ ಮರೆತೇಹೋಯಿತು. "ಎಲ್ಲಿ ಹಾಕಿಸಿದ್ರಿ ಅತ್ತೆ?"

"ನನ್ ಮಂಚದ ಕೆಳಗೆ. ಮೂಲೇಲೂ ಒಂದಷ್ಟು. ಮಲ್ಗಾಕೆ ಜಾಗ ಐತೆ. ನಿನ್ ಕೋಣೆಗೆ ಬೀಗ ಹಾಕಿದೀನಿ, ಮಕ್ಳು ನುಗ್ತಾವೆ."

"ದೀಪಾವಳಿ ಆದ್ಮೇಲೆ ನೋಡಾಣ ಅಂದಿದ್ರಲ್ಲ."

"ಹೂಂ, ನೋಡ್ದೆ" ಅಂದರು. "ಬಿಂದಿ ತಾವೇ ಐತೆ ನೀರು."

ಫೋನ್ ಇಟ್ಟ ಮೇಲೆ ಯಾಕೋ ಕೂರಲಾಗಲಿಲ್ಲ. ಅಮ್ಮ ಇನ್ನೆರಡು ದಿನ ಇರು ಎಂದು ಬೆಳಿಗ್ಗೆಯೇ ಹೇಳಿದ್ದಳು. ಅಡುಗೆಮನೆಗೆ ಹೋಗಿ, "ನಾಳೆ ಮೊದಲ ಬಸ್ಸಿಗೇ ಮನೆಗೆ ಹೋಗ್ತೀನಿ ಅಮ್ಮ, ಅಲ್ಲಿ ಪೇಪರ್ ಬದಲಾಯಿಸಬೇಕು" ಅಂದೆ.

ಅಮ್ಮ ಸೌಟು ಹಿಡಿದುಕೊಂಡೇ ತಿರುಗಿ, "ಯಾವ ಮನೆಗೆ?" ಅಂದಳು.

ಇದೆಂಥ ಪ್ರಶ್ನೆಯೋ. "ನಮ್ಮನೆಗೆ" ಅಂದೆ.

ಅಮ್ಮ ನಗುತ್ತಾ, ದೊಡ್ಡ ಡಬ್ಬಿಗೆ ಕರ್ಜಿಕಾಯಿ ತುಂಬತೊಡಗಿದಳು. ಅತ್ತೆಗೆ ಅಂತ ಇನ್ನೊಂದು ಡಬ್ಬಿ ಬೇರೆ ತೆಗೆದಿಟ್ಟಳು.